ಎರಡು ದಿನ, ಹದಿನೆಂಟು ಸ್ಥಳ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ದೇಶದ ತುಂಬ ಓಡು ಎಂದು ಅವರಾರೂ ಹೇಳಿದಂತಿಲ್ಲ. ಆದರೆ ಎರಡು ದಿನ ರಜೆ ಕೂಡಿಬಂದಿತೆಂದು ಮುಂಬಯಿಗೆ ಹೊರಡುವ ನಮ್ಮ ಜನ ಮಾಡುವುದು ಅದನ್ನೇ. ಮೊನ್ನೆ ನೆರೆಮನೆಯ ಮಿತ್ರರೊಬ್ಬರು ತಮ್ಮ ಪ್ರವಾಸದ ಪಟ್ಟಿಯನ್ನು ತಂದು ನನ್ನ ಮುಂದಿಟ್ಟರು. ಭಾನುವಾರ, ಸೋಮವಾರ ಸೇರಿ ಹದಿನೆಂಟು ಸ್ಥಳಗಳು! ಗೇಟ್‌ವೇಗೆ ಇಪ್ಪತ್ತು ನಿಮಿಷ, ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ, ಹಾಜಿ ಅಲಿ ‘ದೂರದಿಂದ’, ಚಿತ್ರನಟರ ಬಂಗಲೆಗಳು ‘ಹೊರಗಿನಿಂದ’. ಇದು ಪ್ರವಾಸದ ಪಟ್ಟಿಯೋ, ಜಪ್ತಿಗೆ ಹೊರಟ ಅಮೀನನ ಪಟ್ಟಿಯೋ ತಿಳಿಯಲಿಲ್ಲ.

ಇಂಥ ಪಟ್ಟಿಗಳ ಮೇಲೆ ನನಗೆ ಹಳೆಯ ಸಿಟ್ಟಿದೆ. ಕೆಲವು ವರ್ಷಗಳ ಹಿಂದೆ ವೃದ್ಧೆಯಾದ ತಾಯಿಯನ್ನು ಹೀಗೆಯೇ ಒಂದು ಪ್ರವಾಸದವರ ವಾಹನದಲ್ಲಿ ಕೂರಿಸಿ ಮುಂಬಯಿ ತೋರಿಸಿದೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಆಕೆಗೆ ಇದ್ದ ಆಸೆ ಒಂದೇ: ಸಮುದ್ರದ ನೀರಿನಲ್ಲಿ ಕಾಲಿಡಬೇಕು. ವಾಹನ ಮರೀನ್ ಡ್ರೈವಿನಲ್ಲಿ ನಿಲ್ಲಲಿಲ್ಲ. ಜುಹು ತಲುಪುವಾಗ ಕತ್ತಲಾಗಿತ್ತು, ‘ಹತ್ತು ನಿಮಿಷ ಮಾತ್ರ’ ಎಂದು ಅಪ್ಪಣೆಯಾಯಿತು. ಜನರ ನಡುವೆ ಆ ಮರಳನ್ನು ದಾಟಲು ಆಕೆಗೆ ಹತ್ತು ನಿಮಿಷ ಸಾಲಲಿಲ್ಲ. ಊರಿಗೆ ಬಂದ ಮೇಲೆ ನೆಂಟರು ಕೇಳಿದರೆ ‘ಎಲ್ಲಾ ನೋಡಿದೆ’ ಎನ್ನುತ್ತಿದ್ದಳು. ಆ ‘ಎಲ್ಲಾ’ ಎಂಬ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಪಟ್ಟಿ ಮಾಡಿದವರು ಯಾರೇ ಆಗಲಿ, ಅದಕ್ಕೆ ತಲೆಯಾಡಿಸಿದವನು ನಾನು.

ನನ್ನ ವಾದ ಇಷ್ಟೆ: ಎರಡು ದಿನದಲ್ಲಿ ಮುಂಬಯಿಯನ್ನು ನೋಡಲಾಗುವುದಿಲ್ಲ, ಮುಂಬಯಿಯ ಒಂದು ಮೂಲೆಯನ್ನು ನೋಡಬಹುದು. ಹಾಗೆ ನೋಡುವುದೇ ನಿಜವಾದ ನೋಟ.

ಮೊದಲು ಭೂಗೋಳವನ್ನೇ ನೋಡಿ. ಏಳು ದ್ವೀಪಗಳನ್ನು ಬೆಸೆದು ಹುಟ್ಟಿದ ಈ ನಗರ ಉತ್ತರಕ್ಕೆ ಉದ್ದುದ್ದ ಚಾಚಿಕೊಂಡಿದೆ. ಚರ್ಚ್‌ಗೇಟಿನಿಂದ ಬೋರಿವಲಿಗೆ 30 ಕಿಲೋಮೀಟರಿಗೂ ಹೆಚ್ಚು ದೂರ. ಬೆಳಿಗ್ಗೆ ಗೇಟ್‌ವೇ, ಮಧ್ಯಾಹ್ನ ಬೋರಿವಲಿಯಾಚೆಯ ಕನ್ಹೇರಿ ಗುಹೆಗಳು, ಸಂಜೆಗೆ ಮತ್ತೆ ಮರೀನ್ ಡ್ರೈವ್ ಎಂದು ಬರೆದುಕೊಂಡವನು ನೋಡುವುದು ಮುಂದಿನ ಗಾಡಿಯ ಬೆನ್ನನ್ನು. ನನ್ನ ಮಿತ್ರರಂತೂ ಎಲಿಫೆಂಟಾ ಗುಹೆಗಳನ್ನು ಸೋಮವಾರಕ್ಕೆ ಗೊತ್ತುಮಾಡಿದ್ದರು. ಸೋಮವಾರ ಆ ಗುಹೆಗಳಿಗೆ ರಜೆ! ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿಗಳೂ ಹೊರಡುವುದಿಲ್ಲ. ಹದಿನೆಂಟು ಹೆಸರು ಬರೆಯುವವರಿಗೆ ಇಷ್ಟನ್ನು ವಿಚಾರಿಸುವ ವ್ಯವಧಾನ ಎಲ್ಲಿಂದ ಬರಬೇಕು?

ಇನ್ನು ನೋಟದ ಮಾತು. ಗೇಟ್‌ವೇಯ ಮುಂದೆ ಇಪ್ಪತ್ತು ನಿಮಿಷ ನಿಂತು ಪಟ ತೆಗೆಸಿಕೊಂಡವರಿಗೆ ಆ ಕಲ್ಲು ಏನು ಹೇಳೀತು? 1911ರಲ್ಲಿ ಐದನೆಯ ಜಾರ್ಜ್ ದೊರೆ ಬಂದಿಳಿದುದರ ನೆನಪಿಗೆಂದು ಅದನ್ನು ಕಟ್ಟಿದರು, ಮುಗಿದದ್ದು 1924ರಲ್ಲಿ. ದೊರೆಯ ಸ್ವಾಗತದ ನೆನಪಿಗೆ ಎತ್ತಿದ ಅದೇ ಕಮಾನಿನಡಿಯಲ್ಲಿ 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಹೊರಟುಹೋಯಿತು. ಬಂದವರಿಗಾಗಿ ಕಟ್ಟಿದ ಬಾಗಿಲು ಹೋಗುವವರ ಬಾಗಿಲಾಯಿತು. ಇದನ್ನು ನೆನೆಯುತ್ತ ಅರ್ಧ ಗಂಟೆ ಅಲ್ಲಿ ಸುಮ್ಮನೆ ಕುಳಿತರೆ ಯಾವ ನಷ್ಟ?

ಎಲಿಫೆಂಟಾದ ಮಾತೂ ಹಾಗೆಯೇ. ಅಲ್ಲಿಗೆ ದೋಣಿಯಲ್ಲಿ ಸುಮಾರು ಒಂದು ಗಂಟೆ. ಮೇಲೆ ನೂರಕ್ಕೂ ಮಿಕ್ಕಿದ ಮೆಟ್ಟಿಲು. ಧಾವಿಸಿ ಬಂದವರು ಮೂರು ಮುಖ ಎಣಿಸಿ ‘ಬ್ರಹ್ಮ, ವಿಷ್ಣು, ಮಹೇಶ್ವರ’ ಎಂದು ಹೇಳಿ ಹೊರಡುತ್ತಾರೆ. ಕತ್ತಲೆಗೆ ಕಣ್ಣು ಹೊಂದುವ ತನಕ ನಿಂತವರಿಗೆ ಕಾಣುವುದು ಬೇರೆ: ಒಂದು ಬದಿಯಲ್ಲಿ ಉಗ್ರತೆ, ಇನ್ನೊಂದು ಬದಿಯಲ್ಲಿ ಹೆಣ್ಣಿನ ಮಾರ್ದವ, ನಡುವೆ ಮುಚ್ಚಿದ ಕಣ್ಣಿನ ಶಾಂತಿ. ಮೂರೂ ಶಿವನೇ ಎನ್ನುತ್ತಾರೆ ಬಲ್ಲವರು. ಹದಿನೈದು ನಿಮಿಷದಲ್ಲಿ ಸಿಗುವ ದರ್ಶನವಲ್ಲ ಅದು.

‘ನೀವು ಹೇಳುವುದು ಸರಿ ಸ್ವಾಮೀ, ಆದರೆ ಮತ್ತೆ ಬರುತ್ತೇವೋ ಇಲ್ಲವೋ! ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಿಬಿಡುವುದು ಬೇಡವೇ?’ ಎಂದರು ಮಿತ್ರರು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ವರ್ಷವಿಡೀ ಉಳಿಸಿದ ಹಣದಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವವರ ಆತಂಕ ನನಗೆ ಗೊತ್ತು. ಆದರೆ ಒಮ್ಮೆ ಮಾತ್ರ ಬರುವವನಿಗೇ ಅವಸರ ಹೆಚ್ಚು ದುಬಾರಿ. ಜೀವಮಾನಕ್ಕೊಮ್ಮೆ ಹಬ್ಬದೂಟಕ್ಕೆ ಕುಳಿತವನು ಹದಿನೆಂಟು ಭಕ್ಷ್ಯಗಳನ್ನು ಮೂಸಿ ನೋಡಿ ಏಳುತ್ತಾನೆಯೆ?

ಹಾಗಾದರೆ ಏನು ಮಾಡಬೇಕು? ಒಂದು ದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಿಂದ ಗೇಟ್‌ವೇ ತನಕ ನಡೆಯಿರಿ. 1878ರಲ್ಲಿ ಕೆಲಸ ಹಿಡಿದು ಹತ್ತು ವರ್ಷ ಕಟ್ಟಿದ ಆ ನಿಲ್ದಾಣವನ್ನು ತಲೆಯೆತ್ತಿ ನೋಡಿ. ಅದರ ಕೆಳಗೆ ಹರಿಯುವ ಜನಪ್ರವಾಹವನ್ನೂ ನೋಡಿ. ದಾರಿಯಲ್ಲಿ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಕೊಡಿ. ಸೋಮವಾರವಲ್ಲದ ಇನ್ನೊಂದು ದಿನ ಬೆಳಿಗ್ಗೆ ಎಲಿಫೆಂಟಾ; ಸಂಜೆ ಕಡಲ ದಂಡೆ, ಗಡಿಯಾರ ನೋಡದೆ. ನಡುವೆ ನೂಕುನುಗ್ಗಲಿಲ್ಲದ ಹೊತ್ತು ನೋಡಿ ಲೋಕಲ್ ರೈಲಿನಲ್ಲಿ ಮಾಟುಂಗಕ್ಕೆ ಹೋಗಿ ಒಂದು ಕಾಫಿ ಕುಡಿಯಿರಿ. ಹಗಲು ಉಡುಪಿ ಹೋಟೆಲುಗಳಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತು ಬದುಕು ಕಟ್ಟಿಕೊಂಡ ನಮ್ಮ ಕರಾವಳಿಯ ಹುಡುಗರ ಮುಂಬಯಿ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಉಳಿದದ್ದನ್ನು ಬಿಡಿ, ನಾಚಿಕೆಯಿಲ್ಲದೆ ಬಿಡಿ. ಬಿಡಲಾರದವನು ಏನನ್ನೂ ನೋಡಲಾರ.

ಮಿತ್ರರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಹರಿದುಹಾಕುವರೋ ಇಲ್ಲವೋ ಕಾಣೆ. ಅವರ ಜತೆಯಲ್ಲಿ ವೃದ್ಧೆಯಾದ ತಾಯಿಯೂ ಹೊರಟಿದ್ದಾರೆಂದು ಕೇಳಿ ಇಷ್ಟನ್ನು ಬರೆದೆ. ಬೇರೆಯದೆಲ್ಲ ತಪ್ಪಿದರೂ ತಪ್ಪಲಿ, ಮೊದಲು ಆಕೆಯ ಕಾಲಿಗೆ ಸಮುದ್ರ ಸೋಕಲಿ.