ಉಪಕರಣ ಕಟ್ಟುವವನ ವಿದ್ವತ್ತು

ವಿಜ್ಞಾನವೆಂದರೆ ಸಿದ್ಧಾಂತ, ಸಿದ್ಧಾಂತವೆಂದರೆ ಸಮೀಕರಣ ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಉಪಕರಣವಾದರೋ ಹಣ ತೆತ್ತು ತರಿಸಬೇಕಾದ ಸಾಮಗ್ರಿ. ಮೇಜು ಕುರ್ಚಿಗಳ ಪಟ್ಟಿಗೆ ಸೇರಿದ್ದು. ಈ ಭಾವನೆಯಿಂದ ನಮಗಾಗುತ್ತಿರುವ ನಷ್ಟ ಅಲ್ಪವಾದುದಲ್ಲ ಎಂದು ನನ್ನ ಅಭಿಪ್ರಾಯ. ಕನ್ನಡ ಪಾಠ ಹೇಳುವವನಿಗೆ ಈ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಸಂಶೋಧನಾಲಯದಲ್ಲಿ, ಎಲೆಕ್ಟ್ರಾನುಗಳ ಗಿರಕಿಯ ಅನುರಣನವನ್ನು ಅತಿಶೀತದಲ್ಲಿ ಅಳೆಯುವ ಯಂತ್ರವೊಂದನ್ನು ಎರಡೂವರೆ ವರ್ಷದಿಂದ ಕಟ್ಟುತ್ತಿದ್ದಾನೆ. ವರ್ಷಕ್ಕೊಮ್ಮೆ ಅವನ ಕೆಲಸವನ್ನು ತೂಗಿ ನೋಡುವ ಸಮಿತಿಯವರದು ಒಂದೇ ಪ್ರಶ್ನೆ: "ಎಷ್ಟು ಲೇಖನ ಅಚ್ಚಾಗಿವೆ?" ಒಂದೂ ಆಗಿಲ್ಲ. ಮುಂದಿನ ವರ್ಷದ ಸಂಶೋಧನ ವೇತನ ದೊರೆಯುವುದೋ ಇಲ್ಲವೋ ಎಂಬುದು ಈಗ ಅನುಮಾನವಾಗಿದೆ. ಅವನು ಬಿಡುವಿನಲ್ಲಿ ಬಂದಾಗ ಹೇಳಿದುದನ್ನೂ, ಆ ಬಳಿಕ ನಾನೇ ಓದಿಕೊಂಡುದನ್ನೂ ಆಧಾರವಾಗಿಟ್ಟುಕೊಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯವೇನೆಂದು ತಿಳಿಯಬೇಕು. ಎಲೆಕ್ಟ್ರಾನು ಒಂದು ಅತಿ ಸಣ್ಣ ಅಯಸ್ಕಾಂತ. ಅದರ ಈ ಗುಣವನ್ನು ಇಂಗ್ಲಿಷಿನವರು ಸ್ಪಿನ್ ಎನ್ನುತ್ತಾರೆ; ನಾನು ಗಿರಕಿ ಎನ್ನುತ್ತೇನೆ. (ಭ್ರಮಣವೆಂದರೆ ಭೂಮಿಯ ನೆನಪಾಗುತ್ತದೆ. ಗಿರಕಿಯೆಂದರೂ ಬುಗುರಿಯಂತೆ ಸುತ್ತುತ್ತಿದೆಯೆಂದು ಅಕ್ಷರಶಃ ಭಾವಿಸಬಾರದು.) ಸಾಮಾನ್ಯವಾಗಿ ಎಲೆಕ್ಟ್ರಾನುಗಳು ಜೋಡಿ ಕೂಡಿ ಪರಸ್ಪರರ ಕಾಂತಶಕ್ತಿಯನ್ನು ಅಳಿಸಿಬಿಡುತ್ತವೆ. ಜೊತೆಯಿಲ್ಲದೆ ಉಳಿದ ಒಂಟಿ ಎಲೆಕ್ಟ್ರಾನನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದಕ್ಕೆ ಎರಡೇ ನೆಲೆಗಳು: ಒಂದು ಕೆಳಗಿನದು, ಒಂದು ಮೇಲಿನದು. ಇವೆರಡರ ಅಂತರಕ್ಕೆ ಸರಿಯಾಗಿ ಹೊಂದುವ ಅಲೆಯನ್ನು ಹಾಯಿಸಿದಾಗ ಕೆಳಗಿನದು ಅಲೆಯನ್ನು ಹೀರಿಕೊಂಡು ಮೇಲಕ್ಕೆ ಏರುತ್ತದೆ. 3,400 ಗೌಸ್ ಕ್ಷೇತ್ರದಲ್ಲಿ ಈ ಅಲೆಯ ಉದ್ದ ಸುಮಾರು ಮೂರು ಸೆಂಟಿಮೀಟರು. ಸೆಕೆಂಡಿಗೆ 950 ಕೋಟಿ ಸ್ಪಂದನಗಳು.

ತೊಡಕು ಇರುವುದು ಇಲ್ಲಿ. ಅದೇ ಅಲೆ ಮೇಲಿರುವುದನ್ನು ಕೆಳಕ್ಕೂ ತಳ್ಳುತ್ತದೆ. ಆದಕಾರಣ ನಮಗೆ ಕಾಣುವುದು ಎರಡು ನೆಲೆಗಳ ಜನಸಂಖ್ಯೆಯ ವ್ಯತ್ಯಾಸ ಮಾತ್ರ. ಕೋಣೆಯ ಉಷ್ಣತೆಯಲ್ಲಿ 10,000 ಎಲೆಕ್ಟ್ರಾನುಗಳಲ್ಲಿ ಈ ವ್ಯತ್ಯಾಸ ಏಳೆಂಟು. ದ್ರವ ಹೀಲಿಯಂ ಕುದಿಯುವ 4.2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅದು ಐನೂರನ್ನು ಮೀರುತ್ತದೆ. ಇಷ್ಟೇ ಆಗಿದ್ದರೆ ಶೀತವನ್ನು ಅನುಕೂಲವೆನ್ನಬಹುದಾಗಿತ್ತು. ಎಷ್ಟೋ ಪದಾರ್ಥಗಳಿಗೆ ಅದು ಅನಿವಾರ್ಯ. ಕೋಬಾಲ್ಟಿನ ಲವಣಗಳಲ್ಲಿ ಹರಳಿನ ಕಂಪನವು ಎಲೆಕ್ಟ್ರಾನನ್ನು ಒಂದು ನೆಲೆಯಲ್ಲಿ ನಿಲ್ಲಗೊಡದಷ್ಟು ವೇಗವಾಗಿ ತಟ್ಟುತ್ತಿರುವುದರಿಂದ ಅನುರಣನದ ಗೆರೆ ಹರಡಿ ಹರಡಿ ಕಾಣದಂತಾಗುತ್ತದೆ. ತಣಿಸಿದಾಗಲೇ ಅದು ಪ್ರಕಟವಾಗುವುದು.

ಹಾಗಾದರೆ ತಣಿಸಿದರಾಯಿತು ಎನ್ನುವವರು ಆ ಹುಡುಗನ ನಕ್ಷೆಗಳನ್ನು ನೋಡಬೇಕು. ಪದಾರ್ಥವನ್ನಿಟ್ಟ ಲೋಹದ ಗೂಡು ಹೀಲಿಯಮ್ಮಿನ ತಳದಲ್ಲಿದೆ. ಅಲೆಯನ್ನು ಹುಟ್ಟಿಸುವ ಯಂತ್ರ ಹೊರಗೆ, ನಮ್ಮ ನಿಮ್ಮ ಬೆಚ್ಚನೆಯ ಲೋಕದಲ್ಲಿದೆ. ನಡುವೆ ಒಂದು ಲೋಹದ ಕೊಳವೆ ಇಳಿಯಬೇಕು. ಅಲೆ ಸೊರಗದೆ ಹೋಗಬೇಕಾದರೆ ಕೊಳವೆ ತಾಮ್ರದ್ದೋ ಬೆಳ್ಳಿಯದೋ ಆಗಿರಬೇಕು. ತಾಮ್ರವಾದರೆ ಅಲೆಯ ಜೊತೆಗೆ ಶಾಖವೂ ಇಳಿಯುತ್ತದೆ. ಹೀಲಿಯಮ್ಮಿನ ಸುಕುಮಾರತೆ ಎಂಥದೆಂದರೆ, ಒಂದು ಲೀಟರು ನೀರನ್ನು ಆವಿಮಾಡುವ ಶಾಖದಲ್ಲಿ ಎಂಟುನೂರು ಲೀಟರಿಗೂ ಹೆಚ್ಚು ದ್ರವ ಹೀಲಿಯಂ ಆವಿಯಾಗಿ ಹೋಗುತ್ತದೆ. ಒಂದೇ ಒಂದು ವಾಟ್ ಶಾಖ ಒಳನುಗ್ಗಿದರೆ ಗಂಟೆಗೆ ಸುಮಾರು 1.4 ಲೀಟರ್ ನಷ್ಟ. ಅಲೆಗೆ ದಾರಿ ಬೇಕು, ಶಾಖಕ್ಕೆ ದಾರಿ ಇರಕೂಡದು. ಇದಕ್ಕೆ ಕಂಡುಕೊಂಡ ಪರಿಹಾರ ನನ್ನ ಮನಸ್ಸನ್ನು ಸೆರೆಹಿಡಿಯಿತು. ಇಷ್ಟು ಶೀಘ್ರವಾಗಿ ಸ್ಪಂದಿಸುವ ಅಲೆ ಲೋಹದ ಚರ್ಮದಲ್ಲಿ ಮಾತ್ರ ಓಡಾಡುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಆಳಕ್ಕೂ ಇಳಿಯುವುದಿಲ್ಲ. ಶಾಖವಾದರೋ ಲೋಹದ ಇಡೀ ಮೈಯಲ್ಲಿ ಹರಿಯುತ್ತದೆ. ಆದ್ದರಿಂದ ಶಾಖವನ್ನು ಒಲ್ಲದ ತುಕ್ಕುಹಿಡಿಯದ ಉಕ್ಕಿನಿಂದ ತೆಳುಗೋಡೆಯ ಕೊಳವೆಯನ್ನು ಮಾಡಿ, ಒಳಮೈಗೆ ಮಾತ್ರ ಬೆಳ್ಳಿಯ ತೆಳ್ಳನೆಯ ಲೇಪವನ್ನು ಕೊಡುತ್ತಾರೆ. ಅಲೆಗೆ ಅದು ಬೆಳ್ಳಿಯ ಕೊಳವೆ. ಶಾಖಕ್ಕೆ ಉಕ್ಕಿನ ಕೊಳವೆ.

ಇನ್ನೂ ಉಳಿದಿದೆ. ಗೂಡು ತಣ್ಣಗಾದಂತೆ ಕುಗ್ಗಿ ತನ್ನ ಶ್ರುತಿಯನ್ನು ಬದಲಿಸುತ್ತದೆ. ಅಲೆ ಒಳಹೊಗುವ ಕಿಂಡಿಯನ್ನು ಮೊದಲು ಎಷ್ಟು ಸರಿಯಾಗಿ ಅಳತೆಮಾಡಿದ್ದರೂ ಆ ಅಳತೆ ಕೆಳಗೆ ಹೋದಾಗ ತಪ್ಪುತ್ತದೆ. ಆದುದರಿಂದ ಮೇಲಿನಿಂದಲೇ ಅದನ್ನು ಹೊಂದಿಸುವ ಉಪಾಯ ಬೇಕು. ದ್ರವವು ಗೂಡಿನೊಳಕ್ಕೆ ನುಗ್ಗಿ ಕುದಿದರೆ ಒಂದೊಂದು ಗುಳ್ಳೆಯೂ ಅಳತೆಯಲ್ಲಿ ಗದ್ದಲವಾಗಿ ಕಾಣುತ್ತದೆ. ಪಂಪಿನಿಂದ ಆವಿಯನ್ನು ಎಳೆದು ಉಷ್ಣತೆಯನ್ನು 2.17 ಕೆಲ್ವಿನ್‌ಗಿಂತ ಕೆಳಕ್ಕೆ ತಂದಾಗ ಹೀಲಿಯಂ ಅತಿದ್ರವವಾಗಿ, ಗುಳ್ಳೆಗಳು ಒಮ್ಮೆಲೆ ನಿಂತುಹೋಗುತ್ತವೆ. ಆ ನಿಶ್ಶಬ್ದವನ್ನು ಮೊದಲ ಸಲ ಕಂಡ ದಿನ ತಾನು ಊಟವನ್ನೇ ಮರೆತೆನೆಂದು ಹುಡುಗ ಹೇಳಿದ. ಪದಾರ್ಥವನ್ನಿಡುವ ನಳಿಗೆಯೂ ಸಾಮಾನ್ಯ ಗಾಜಿನದಾಗಕೂಡದು; ಗಾಜಿನಲ್ಲಿ ಅಡಗಿರುವ ಕಬ್ಬಿಣದ ಅಂಶ ತಾನೇ ಅನುರಣಿಸಿ ಸುಳ್ಳು ಸಾಕ್ಷಿ ನುಡಿಯುತ್ತದೆ. ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪಾಠ ಯಾವುದು ಎಂದು ಓಲೆಗರಿಗಳ ಮುಂದೆ ಕುಳಿತು ತಿಣುಕುವ ನಮ್ಮಂಥವರಿಗೆ ಈ ಕಷ್ಟ ಅಪರಿಚಿತವಲ್ಲ.

ಈ ಶಾಸ್ತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. 1944ರಲ್ಲಿ, ಯುದ್ಧದ ನಡುವೆ, ರಷ್ಯದ ಕಜಾನ್ ನಗರದಲ್ಲಿ ಈ ಅನುರಣನವನ್ನು ಮೊದಲು ಕಂಡ ಜವೊಯ್ಸ್ಕಿ ತನ್ನ ಕೈಯಾರೆ ಕಟ್ಟಿದ ಯಂತ್ರದಲ್ಲಿಯೇ ಅದನ್ನು ಕಂಡದ್ದು. ಮಾಸ್ಕೋದ ಪಂಡಿತರಿಗೆ ನಂಬಿಕೆ ಸಾಲಲಿಲ್ಲ. ಕಪಿತ್ಸನ ಸಂಸ್ಥೆಯಲ್ಲಿ ಯಂತ್ರವನ್ನು ಮತ್ತೆ ಕಟ್ಟಿ ತೋರಿಸಬೇಕಾಯಿತು. ಆಕ್ಸ್‌ಫರ್ಡಿನ ಬ್ಲೀನಿ ಯುದ್ಧಕಾಲದಲ್ಲಿ ರಾಡಾರಿಗಾಗಿ ಕ್ಲಿಸ್ಟ್ರಾನ್ ಕೊಳವೆಗಳನ್ನು ರೂಪಿಸಿದವರು. ಹಿಟ್ಲರನ ಜರ್ಮನಿಯನ್ನು ತೊರೆದು 1933ರಲ್ಲಿ ಅಲ್ಲಿಗೆ ಬಂದಿದ್ದ ಸೈಮನ್ ಮೊದಲಾದವರು ಅದೇ ಪ್ರಯೋಗಾಲಯದಲ್ಲಿ ಅತಿಶೀತದ ವಿದ್ಯೆಯನ್ನು ಬೆಳೆಸಿದ್ದರು. ಯುದ್ಧ ಮುಗಿದ ಮೇಲೆ ಈ ಎರಡು ಕೈಗಾರಿಕೆಗಳು ಒಂದೇ ಸೂರಿನಡಿ ಕೂಡಿದವು. ಆಕ್ಸ್‌ಫರ್ಡಿನವರೇ ಆದ ಪೆನ್ರೋಸ್ ಹಾಲೆಂಡಿನ ಲೈಡನ್ನಿಗೆ ಹೋಗಿ, ತಾಮ್ರದ ಲವಣವನ್ನು ಕಾಂತಗುಣವಿಲ್ಲದ ಇನ್ನೊಂದು ಲವಣದಲ್ಲಿ ವಿರಳವಾಗಿ ಬೆರೆಸಿ, ಒಂದೆಂದು ತೋರುತ್ತಿದ್ದ ಗೆರೆ ನಾಲ್ಕಾಗಿ ಸೀಳಿರುವುದನ್ನು ಕಂಡದ್ದು 1949ರಲ್ಲಿ ಪ್ರಕಟವಾಯಿತು. ತಾಮ್ರದ ಪರಮಾಣುಬೀಜವು ಎಲೆಕ್ಟ್ರಾನಿನ ಮೂಲಕ ಮಾತನಾಡಿತ್ತು.

ಲೈಡನ್ನಿನ ಹೆಸರು ಬಂದುದರಿಂದ ಇನ್ನೊಂದು ಮಾತು. 1908ರ ಜುಲೈ 10ರಂದು ಹೀಲಿಯಮ್ಮನ್ನು ಮೊದಲು ದ್ರವವಾಗಿಸಿದ ಕಾಮರ್ಲಿಂಗ್ ಓನ್ನೆಸ್, ಅದಕ್ಕೂ ಏಳು ವರ್ಷ ಮೊದಲೇ, 1901ರಲ್ಲಿ, ಉಪಕರಣ ಮಾಡುವವರಿಗೆಂದು ಒಂದು ಶಾಲೆಗೆ ತಳಹದಿ ಹಾಕಿದ್ದರು. ನೀಲಿ ಅಂಗಿ ತೊಟ್ಟ ಅಲ್ಲಿನ ಹುಡುಗರನ್ನು ಊರವರು 'ನೀಲಿ ಹುಡುಗರು' ಎನ್ನುತ್ತಿದ್ದರು. ಯಂತ್ರಕುಶಲಿಯಾದ ಫ್ಲಿಮ್, ಗಾಜು ಊದುವ ಕೆಸೆಲ್ರಿಂಗ್ ಇವರಿಲ್ಲದೆ ಆ ಜುಲೈ ದಿನ ಬರುತ್ತಿರಲಿಲ್ಲ. ಆದರೂ ಭೌತವಿಜ್ಞಾನದ ಪದವೀಧರರಲ್ಲಿ ಎಷ್ಟು ಮಂದಿ ಈ ಹೆಸರುಗಳನ್ನು ಕೇಳಿದ್ದಾರೆ? ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತಾನು ಕೆತ್ತಿದ ವಿಗ್ರಹದ ಅಡಿಯಲ್ಲಿ ತನ್ನ ಹೆಸರು ಬರೆದ. ಹೊಯ್ಸಳರ ಕಾಲದಲ್ಲಿ ಅದನ್ನು ಯಾರೂ ಉದ್ಧಟತನವೆಂದು ಅಳಿಸಿ ಹಾಕಲಿಲ್ಲ.

ಸಿದ್ಧಯಂತ್ರಗಳು ಕೊಳ್ಳಲು ದೊರೆಯುವ ಈ ಕಾಲದಲ್ಲಿ ಕಟ್ಟುವ ಶ್ರಮವೇಕೆ ಎಂಬ ಆಕ್ಷೇಪಣೆ ಉಂಟು. ಅದರಲ್ಲಿ ಹುರುಳಿಲ್ಲದೆ ಇಲ್ಲ. ನಾಳೆಯ ಪರೀಕ್ಷೆಗೆ ಇಂದೇ ಫಲಿತಾಂಶ ಬೇಕಾದವನು ಕೊಳ್ಳಲಿ. ಆದರೆ ಕೊಂಡ ಯಂತ್ರ ಈಗಾಗಲೇ ಯಾರೋ ಕೇಳಿ ಮುಗಿಸಿದ ಪ್ರಶ್ನೆಗಳಿಗೆಂದು ರೂಪುಗೊಂಡಿರುತ್ತದೆ. ದ್ರವ ಹೀಲಿಯಂ ಹೊಯ್ಯುವ ತೊಂದರೆಯಿಲ್ಲದೆ ವಿದ್ಯುತ್ತಿನಿಂದಲೇ ತಣಿಸುವ ಯಂತ್ರಗಳೂ ಈಗ ಬಂದಿವೆ. ಅವುಗಳ ನಡುಕವನ್ನು ಗೂಡಿಗೆ ತಟ್ಟದಂತೆ ತಡೆಯುವುದು ಹೇಗೆಂಬುದನ್ನು ಮತ್ತೆ ಯಾರಾದರೂ ಕುಳಿತು ಯೋಚಿಸಲೇಬೇಕು.

ನಾನು ಕೇಳುವುದು ಹೆಚ್ಚಿನದೇನೂ ಅಲ್ಲ. ಡಾಕ್ಟರೇಟಿಗೆ ಒಪ್ಪಿಸುವ ಪ್ರಬಂಧದಲ್ಲಿ ಉಪಕರಣದ ರಚನೆಯನ್ನು ಅನುಬಂಧಕ್ಕೆ ತಳ್ಳದೆ, ಅದೇ ಪ್ರಬಂಧವಾಗಬಹುದೆಂದು ವಿಶ್ವವಿದ್ಯಾಲಯಗಳು ಒಪ್ಪಲಿ. ನಕ್ಷೆಗಳೂ ಕೆಟ್ಟುಹೋದ ಮೊದಲಿನ ಮಾದರಿಗಳ ವೃತ್ತಾಂತವೂ ಅದರಲ್ಲಿ ಅಚ್ಚಾಗಲಿ. ಮುಂದೆ ಕಟ್ಟುವವನಿಗೆ ಅವೇ ಬೇಕಾಗುವುದು. ಕೊಳವೆಗೆ ಬೆಸುಗೆ ಹಾಕಿದ ಕಾರ್ಯಾಗಾರದ ಮೇಸ್ತ್ರಿಯ ಹೆಸರು ಲೇಖಕರ ಸಾಲಿನಲ್ಲಿಯೇ ಬರಲಿ. ಅಂಥ ಪ್ರಬಂಧವನ್ನು ಪರೀಕ್ಷಿಸುವವರು, ಜೀವಮಾನದಲ್ಲಿ ಒಮ್ಮೆಯಾದರೂ ಏನನ್ನಾದರೂ ಕಟ್ಟಿ, ಅದು ಸೋರುವುದನ್ನು ಕಂಡವರಾಗಿರಲಿ.