ಮೆಟ್ಟಿಲಲ್ಲೇ ಪಾಠ, ಮೆಟ್ಟಿಲಲ್ಲೇ ಚರ್ಚೆ

ಐದು ವರ್ಷಗಳಲ್ಲಿ 75,000 ಹೊಸ ಮೆಡಿಕಲ್ ಸೀಟು ಎಂದು 2025ರ ಕೇಂದ್ರ ಬಜೆಟ್ ಹೇಳಿತು. ನೀಟ್‌ಗೆ ಓದುತ್ತಿರುವ ಗೆಳೆಯರಿಗೆ ಖುಷಿಯೋ ಖುಷಿ. ಆರ್ಕಿಟೆಕ್ಚರ್ ವಿದ್ಯಾರ್ಥಿಯಾದ ನನ್ನ ತಲೆಗೆ ಬಂದದ್ದು ಬೇರೆ ಪ್ರಶ್ನೆ: ಇಷ್ಟು ಮಂದಿ ಕಲಿಯುವುದು ಎಂಥ ಕಟ್ಟಡದಲ್ಲಿ?

ಈ ಸೆಮಿಸ್ಟರ್‌ನಲ್ಲಿ ಅಧ್ಯಯನಕ್ಕೆ ನಾನು ಆರಿಸಿಕೊಂಡದ್ದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ವ್ಯಾಗೆಲೋಸ್ ಎಜುಕೇಶನ್ ಸೆಂಟರ್. 2016ರಲ್ಲಿ ತೆರೆದ 14 ಮಹಡಿಗಳ ಕಟ್ಟಡ. ಡಿಲ್ಲರ್ ಸ್ಕೊಫಿಡಿಯೊ ಮತ್ತು ರೆನ್‌ಫ್ರೊ ಸಂಸ್ಥೆಯ ವಿನ್ಯಾಸ. ನಿವೇಶನ ಚಿಕ್ಕದು. ಹಾಗಾಗಿ ಇಡೀ ಕ್ಯಾಂಪಸ್ಸನ್ನು ಎತ್ತಿ ನಿಲ್ಲಿಸಿದಂತಿದೆ. ಉತ್ತರಕ್ಕೆ ತರಗತಿ, ಕಚೇರಿ, ಬೊಂಬೆ ರೋಗಿಗಳ ಮೇಲೆ ಅಭ್ಯಾಸ ಮಾಡುವ ಕೊಠಡಿಗಳು. ದಕ್ಷಿಣಕ್ಕೆ ಗಾಜಿನ ಹಿಂದೆ ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲ ಸಾಲು. ಅದನ್ನು 'ಸ್ಟಡಿ ಕ್ಯಾಸ್ಕೇಡ್' ಎನ್ನುತ್ತಾರೆ.

ನಾವು ಮೆಟ್ಟಿಲನ್ನು ಮೂಲೆಗೆ ತಳ್ಳಿ, ಲಿಫ್ಟ್ ಕೆಟ್ಟಾಗ ಮಾತ್ರ ನೆನೆಯುವವರು. ಅಲ್ಲಿ ಅದೇ ಮೆಟ್ಟಿಲು ಹತ್ತುತ್ತಾ ಹೋದಂತೆ ಒಂದು ಕಡೆ ಜಗಲಿಯಾಗಿ ಅಗಲವಾಗುತ್ತದೆ, ಇನ್ನೊಂದು ಕಡೆ ನಾಲ್ಕು ಮಂದಿ ಚರ್ಚಿಸುವ ತಾಣವಾಗುತ್ತದೆ, ಮತ್ತೊಂದೆಡೆ ಹೊರಗಿನ ಟೆರೇಸಿಗೆ ತೆರೆದುಕೊಳ್ಳುತ್ತದೆ. ಇದು ಬರೀ ಅಂದಕ್ಕಲ್ಲ. ಇಂದು ರೋಗಿಯ ಚಿಕಿತ್ಸೆ ಒಬ್ಬ ವೈದ್ಯರ ಕೆಲಸವಲ್ಲ, ತಂಡದ ಕೆಲಸ. ಒಬ್ಬರೊಡನೊಬ್ಬರು ಮಾತಾಡಿ ನಿರ್ಧರಿಸುವ ಅಭ್ಯಾಸ ಲೆಕ್ಚರ್ ಹಾಲ್‌ನಲ್ಲಿ ಸಾಲಾಗಿ ಕೂತರೆ ಬರುವುದಿಲ್ಲ.

ನಮ್ಮಲ್ಲೂ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ಕಿಲ್ ಲ್ಯಾಬ್ ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ಚರ್ಚೆಯೆಲ್ಲ ಸೀಟು, ಹಾಸಿಗೆ, ಚದರ ಮೀಟರ್‌ಗಳ ಸುತ್ತಲೇ. ನನ್ನ ಅಕ್ಕ ಎಂಬಿಬಿಎಸ್ ಓದುವಾಗ ವಾರ್ಡಿಗೂ ತರಗತಿಗೂ ನಡುವಿನ ಬಿಡುವಿನಲ್ಲಿ ಮೆಟ್ಟಿಲ ಮೇಲೇ ಕೂರುತ್ತಿದ್ದಳು. ಸ್ಟ್ರೆಚರ್ ಬಂದಾಗಲೆಲ್ಲ ಪುಸ್ತಕ ಎತ್ತಿಕೊಂಡು ಏಳುವುದೇ ಕೆಲಸ.

ಹಾಗೆಂದು ಗಾಜನ್ನು ನಕಲು ಮಾಡುವುದು ಬೇಡ. ನ್ಯೂಯಾರ್ಕಿನಲ್ಲೇ ಬಿಸಿಲು ತಡೆಯಲು ಗಾಜಿನ ಮೇಲೆ ಸೆರಾಮಿಕ್ ಚಿತ್ತಾರ ಸುಟ್ಟು ಕೂರಿಸಿದ್ದಾರೆ. ಕಲಬುರಗಿಯ ಏಪ್ರಿಲ್‌ನಲ್ಲಿ ಅಷ್ಟು ಗಾಜು ಎಂದರೆ ಒಲೆ. (ನಮ್ಮ ಐ.ಟಿ. ಪಾರ್ಕುಗಳ ಎ.ಸಿ. ಬಿಲ್ ಕೇಳಿ ನೋಡಿ!) ನಮಗೆ ಒಗ್ಗುವುದು ನೆರಳಿನ ಅಂಗಳ, ಜಾಲಿ ಗೋಡೆ, ಅಗಲ ವರಾಂಡ. ವರಾಂಡವನ್ನು ಎರಡು ಮೀಟರ್ ಅಗಲಿಸಿ, ಅಂಚಿಗೆ ಕಲ್ಲಿನ ಕಟ್ಟೆ, ಒಂದು ಬೋರ್ಡು, ನಾಲ್ಕು ಪ್ಲಗ್ ಪಾಯಿಂಟ್ ಇಟ್ಟರೂ ಸಾಕು, ಸ್ಟ್ರೆಚರ್‌ಗೂ ದಾರಿ ಇರುತ್ತದೆ. ಇದಕ್ಕೆ ವಿದೇಶಿ ಆರ್ಕಿಟೆಕ್ಟ್ ಬೇಕಿಲ್ಲ. ನಕ್ಷೆಗೆ ಸಹಿ ಬೀಳುವ ಮೊದಲು ಯಾರಾದರೂ ಒಂದು ದಿನ ಇಂಟರ್ನ್‌ಗಳ ಹಿಂದೆ ಓಡಾಡಿ, ಅವರು ಎಲ್ಲೆಲ್ಲಿ ಕೂರುತ್ತಾರೆಂದು ಬರೆದುಕೊಂಡು ಬರಬೇಕು, ಅಷ್ಟೆ.