ರಗ್ಬಿ ಲೀಗ್ ಮತ್ತು ರಗ್ಬಿ ಯೂನಿಯನ್: ಜನಪ್ರಿಯತೆ ಹಾಗೂ ಮಾರುಕಟ್ಟೆ

ರಗ್ಬಿ ಲೀಗ್ ಮತ್ತು ರಗ್ಬಿ ಯೂನಿಯನ್ ಒಂದೇ ಮೂಲದಿಂದ ಕವಲೊಡೆದ ಎರಡು ಪ್ರತ್ಯೇಕ ಕ್ರೀಡೆಗಳು. ಯೂನಿಯನ್‌ನಲ್ಲಿ ಒಂದು ತಂಡಕ್ಕೆ 15 ಆಟಗಾರರು, ಲೀಗ್‌ನಲ್ಲಿ 13. ಭಾರತದಲ್ಲಿ ರಗ್ಬಿ ಎಂದರೆ ಸಾಮಾನ್ಯವಾಗಿ ಯೂನಿಯನ್ ಅಥವಾ ಅದರ ಏಳು ಮಂದಿಯ ಕಿರುರೂಪವಾದ ಸೆವೆನ್ಸ್ ಎಂದೇ ಅರ್ಥ. 'ಲೀಗ್' ಎಂಬ ಪದವನ್ನು ಕಂಡು ಇದು ಐಪಿಎಲ್‌ನಂತಹ ಪಂದ್ಯಾವಳಿ ಎಂದು ಭಾವಿಸಬಾರದು. ಇಲ್ಲಿ ಅದು ಆಟದ ಹೆಸರೇ ಆಗಿದೆ.

ಹಿನ್ನೆಲೆ

ಉತ್ತರ ಇಂಗ್ಲೆಂಡಿನ ಗಿರಣಿ ಮತ್ತು ಗಣಿ ಕಾರ್ಮಿಕರು ಶನಿವಾರ ಪಂದ್ಯವಾಡಿದರೆ ಅಂದಿನ ಕೂಲಿಯನ್ನು ಕಳೆದುಕೊಳ್ಳುತ್ತಿದ್ದರು. ಆ ನಷ್ಟವನ್ನು ತುಂಬಿಕೊಡಲು ಅಲ್ಲಿನ ಕ್ಲಬ್‌ಗಳು ಬಯಸಿದವು; ರಗ್ಬಿ ಫುಟ್ಬಾಲ್ ಯೂನಿಯನ್ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್‌ಗಳು ನಾರ್ದರ್ನ್ ಯೂನಿಯನ್ ಸ್ಥಾಪಿಸಿದವು. ಮುಂದೆ ಲೀಗ್ ಎಂದು ಹೆಸರಾದದ್ದು ಇದೇ.

ಕೂಲಿ ಕೊಡಬೇಕಾದರೆ ಟಿಕೆಟ್ ಮಾರಾಟವಾಗಬೇಕು. ಆದುದರಿಂದ ಲೀಗ್ ತನ್ನ ನಿಯಮಗಳನ್ನೇ ಪ್ರೇಕ್ಷಕನಿಗಾಗಿ ತಿದ್ದಿಕೊಂಡಿತು: 1897ರಲ್ಲಿ ಲೈನ್‌ಔಟ್ ರದ್ದಾಯಿತು, 1906ರಲ್ಲಿ ಆಟಗಾರರ ಸಂಖ್ಯೆ 13ಕ್ಕೆ ಇಳಿಯಿತು, ಚೆಂಡು ಹೆಚ್ಚು ಹೊತ್ತು ಕೈಯಿಂದ ಕೈಗೆ ಓಡತೊಡಗಿತು. ಯೂನಿಯನ್‌ಗೆ ಆ ಅವಸರವಿರಲಿಲ್ಲ. ಖಾಸಗಿ ಶಾಲೆ, ವಿಶ್ವವಿದ್ಯಾಲಯ, ಸೈನ್ಯ ಮತ್ತು ಸಾಮ್ರಾಜ್ಯಗಳೇ ಅದರ ಪ್ರಚಾರಕರು. ಕಲ್ಕತ್ತೆಯ ಕ್ಲಬ್ಬೊಂದು ಮುಚ್ಚಿದಾಗ ಅದರ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ ಕಲ್ಕತ್ತಾ ಕಪ್‌ಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುತ್ತಿವೆ.

ಈ ಭೇದ ಭೂಪಟದಲ್ಲಿ ಇಂದಿಗೂ ಕಾಣುತ್ತದೆ. ಯಾರ್ಕ್‌ಷೈರ್, ಲ್ಯಾಂಕಾಷೈರ್, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲೆಂಡ್, ಪಪುವಾ ನ್ಯೂಗಿನಿಗಳು ಲೀಗ್‌ನ ನೆಲೆಗಳು. ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ವೇಲ್ಸ್ ಮತ್ತು ದಕ್ಷಿಣ ಫ್ರಾನ್ಸ್‌ಗಳಲ್ಲಿ ಯೂನಿಯನ್ನಿನದೇ ಮೇಲುಗೈ. ಫ್ರಾನ್ಸಿನ ವಿಷಯದಲ್ಲಿ ಇದನ್ನು ಕೇವಲ ಜನರ ಅಭಿರುಚಿ ಎನ್ನಲಾಗದು. 1941ರಲ್ಲಿ ವಿಶಿ ಸರ್ಕಾರ ಲೀಗನ್ನು ನಿಷೇಧಿಸಿ ಅದರ ಆಸ್ತಿಯನ್ನು ವಶಪಡಿಸಿಕೊಂಡಿತ್ತು.

ದೂರದರ್ಶನದ ಹಣ

1995ರಲ್ಲಿ, ಒಡಕಿನ ಸರಿಯಾಗಿ ನೂರು ವರ್ಷಗಳ ನಂತರ, ಯೂನಿಯನ್ ವೃತ್ತಿಪರತೆಯನ್ನು ಒಪ್ಪಿಕೊಂಡಿತು. ರೂಪರ್ಟ್ ಮರ್ಡಾಕ್ ಅವರ ನ್ಯೂಸ್ ಕಾರ್ಪೊರೇಷನ್ ದಕ್ಷಿಣ ಗೋಳಾರ್ಧದ ಮೂರು ರಾಷ್ಟ್ರಗಳ ಯೂನಿಯನ್ ಪ್ರಸಾರಕ್ಕೆ ಹತ್ತು ವರ್ಷಗಳಿಗೆ 55 ಕೋಟಿ ಅಮೆರಿಕನ್ ಡಾಲರ್ ನೀಡಿತು. ಬ್ರಿಟನ್ನಿನ ಲೀಗ್ ಕೂಡ ಮರ್ಡಾಕ್ ಹಣವನ್ನು ಸ್ವೀಕರಿಸಿ ಚಳಿಗಾಲದಿಂದ ಬೇಸಿಗೆಗೆ ಸ್ಥಳಾಂತರಗೊಂಡಿತು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟನ್ ಪಟ್ಟಣಗಳ ಕ್ಲಬ್‌ಗಳನ್ನು ಒಂದುಗೂಡಿಸುವ ಯೋಜನೆ ಮಾತ್ರ ಅಭಿಮಾನಿಗಳ ಪ್ರತಿಭಟನೆಯಿಂದ ಬಿದ್ದುಹೋಯಿತು.

ಆಸ್ಟ್ರೇಲಿಯಾದಲ್ಲಿ ಸಂಘರ್ಷ ಇನ್ನೂ ಕಟುವಾಗಿತ್ತು. 1908ರಿಂದಲೂ ಆಡುತ್ತಿದ್ದ ಸೌತ್ ಸಿಡ್ನಿ ಕ್ಲಬ್ಬನ್ನು 1999ರ ಋತುವಿನ ನಂತರ ಕೈಬಿಡಲಾಯಿತು. ಸಾವಿರಾರು ಜನ ಬೀದಿಗಿಳಿದರು, ಪ್ರಕರಣ ನ್ಯಾಯಾಲಯಕ್ಕೇರಿತು, 2002ರಲ್ಲಿ ಕ್ಲಬ್ ಮರಳಿತು. ಮಾರುಕಟ್ಟೆ ತಜ್ಞರು 'ಬ್ರ್ಯಾಂಡ್' ಎನ್ನುವುದನ್ನು ಆ ಬಡಾವಣೆಯ ಜನ 'ನಮ್ಮದು' ಎಂದು ತಿಳಿದಿದ್ದರು.

ಲೀಗ್‌ನ ಅತ್ಯಂತ ಯಶಸ್ವಿ ಸರಕಾದ ಸ್ಟೇಟ್ ಆಫ್ ಆರಿಜಿನ್ 1980ರಲ್ಲಿ ಆರಂಭವಾಯಿತು. ಆಟಗಾರ ಯಾವ ರಾಜ್ಯದ ಕ್ಲಬ್ಬಿಗೆ ಆಡಿದರೂ ತನ್ನ ಮೂಲ ರಾಜ್ಯದ ಪರ ಇಳಿಯುವುದು ಇದರ ಸೊಗಸು. 1989ರಿಂದ ಗಾಯಕಿ ಟೀನಾ ಟರ್ನರ್ ಅವರನ್ನು ಜಾಹೀರಾತಿಗೆ ಕರೆತಂದದ್ದು ಕಾರ್ಮಿಕರ ಆಟಕ್ಕೆ ಮಹಿಳಾ ಪ್ರೇಕ್ಷಕರನ್ನೂ ಸೆಳೆಯುವ ಜಾಣ ನಡೆಯಾಗಿತ್ತು.

ಇಂದಿನ ಸ್ಥಿತಿ

ಯೂನಿಯನ್ ರಾಷ್ಟ್ರ ತಂಡಗಳನ್ನು ಮಾರುತ್ತದೆ, ಲೀಗ್ ಮುಖ್ಯವಾಗಿ ಕ್ಲಬ್‌ಗಳನ್ನು. ಯೂನಿಯನ್ ವಿಶ್ವಕಪ್‌ನ ಆಕರ್ಷಣೆಯನ್ನು ಲೀಗ್ ವಿಶ್ವಕಪ್ ಮುಟ್ಟಿಲ್ಲ, 1954ರಷ್ಟು ಹಿಂದೆಯೇ ಆರಂಭವಾಗಿದ್ದರೂ. ಆದರೆ ವಿಶ್ವಕಪ್‌ನ ಹೊಳಪು ವಾರವಾರದ ಲೆಕ್ಕವನ್ನು ಸರಿದೂಗಿಸುವುದಿಲ್ಲ. ಇಂಗ್ಲೆಂಡಿನಲ್ಲಿ ವುಸ್ಟರ್ ಮತ್ತು ವಾಸ್ಪ್ಸ್ 2022ರಲ್ಲಿ, ಲಂಡನ್ ಐರಿಷ್ 2023ರಲ್ಲಿ ಆರ್ಥಿಕವಾಗಿ ಕುಸಿದವು. ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ರೆಬೆಲ್ಸ್ 2024ರಲ್ಲಿ ಮುಚ್ಚಿತು. ಅದೇ ವರ್ಷ ಆಸ್ಟ್ರೇಲಿಯಾದ ಲೀಗ್ ತನ್ನ ಋತುವನ್ನು ಅಮೆರಿಕದ ಲಾಸ್ ವೇಗಸ್‌ನಲ್ಲಿ ಉದ್ಘಾಟಿಸಿತು. ಯೂನಿಯನ್ 2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ ನಡೆಯಲಿರುವುದರಿಂದ ಜೋಸೆಫ್ ಸುವಾಲೀಯಂತಹ ಲೀಗ್ ತಾರೆಯನ್ನು ಭಾರಿ ಮೊತ್ತಕ್ಕೆ ಸೆಳೆದುಕೊಂಡಿತು. ಒಬ್ಬ ತಾರೆಯಿಂದ ಶಾಲಾ ಮೈದಾನಗಳು ತುಂಬುವುದು ಸಂದೇಹ.

ಪಪುವಾ ನ್ಯೂಗಿನಿಯ ತಂಡವೊಂದು 2028ರಲ್ಲಿ ಆಸ್ಟ್ರೇಲಿಯಾದ ಲೀಗ್ ಸೇರಲಿದೆ. ಇದಕ್ಕೆ ಆಸ್ಟ್ರೇಲಿಯಾ ಸರ್ಕಾರವೇ ಹತ್ತು ವರ್ಷಗಳಲ್ಲಿ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ವೆಚ್ಚ ಮಾಡಲಿದ್ದು, ಪೆಸಿಫಿಕ್ ವಲಯದಲ್ಲಿ ಚೀನಾದ ಪ್ರಭಾವವನ್ನು ತಡೆಯುವ ಉದ್ದೇಶವೂ ಇದರ ಹಿಂದಿದೆ ಎಂಬುದು ಗುಟ್ಟೇನಲ್ಲ.

ಭಾರತದಲ್ಲಿ 2025ರ ಜೂನ್‌ನಲ್ಲಿ ಮುಂಬಯಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್, ಹೆಸರಿನಲ್ಲಿ ಲೀಗ್ ಇದ್ದರೂ, ಯೂನಿಯನ್ನಿನ ಸೆವೆನ್ಸ್ ಪಂದ್ಯಾವಳಿ. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅದರ ಆರು ತಂಡಗಳಲ್ಲೊಂದು. 2016ರಿಂದ ಒಲಿಂಪಿಕ್ಸ್‌ನಲ್ಲಿ ಸ್ಥಾನ ಪಡೆದಿರುವುದು ಸೆವೆನ್ಸ್ ಮಾತ್ರ.